ಫೈಲು ಎಲ್ಲಿಗೆ ಹೋಯಿತು?



ಕಂಪ್ಯೂಟರಿನ ಮುಂದೆ ಕೂತವರು ದಿನಕ್ಕೆ ಹತ್ತಾರು ಸಲ ಮಾಡುವ ಕೆಲಸವೊಂದಿದೆ. ಒಂದು ಫೋಲ್ಡರಿನಲ್ಲಿರುವ ಫೈಲನ್ನು ತೆಗೆದು ಇನ್ನೊಂದು ಫೋಲ್ಡರಿಗೆ ಹಾಕುವುದು. ಕಣ್ಣಿದ್ದವರು ಇದನ್ನು ಕೆಲಸವೆಂದು ಎಣಿಸುವುದೂ ಇಲ್ಲ. ಮೌಸಿನಿಂದ ಫೈಲನ್ನು ಹಿಡಿದು, ಎಳೆದು, ಬೇಕಾದ ಕಡೆ ಬಿಟ್ಟರೆ ಮುಗಿಯಿತು. ಯಾವ ಫೈಲು, ಎಲ್ಲಿಂದ ಹೊರಟಿತು, ಎಲ್ಲಿ ಸೇರಿತು ಎಂಬ ಮೂರೂ ಪ್ರಶ್ನೆಗಳಿಗೆ ಅವರ ಕಣ್ಣು ಕೇಳುವ ಮೊದಲೇ ಉತ್ತರ ಕೊಟ್ಟಿರುತ್ತದೆ. ಕಣ್ಣು ಕಾಣದ ನಾವು ಇದೇ ಕೆಲಸವನ್ನು ಕಿವಿಯಿಂದ ಮಾಡುತ್ತೇವೆ. ಆ ಮೂರು ಉತ್ತರಗಳು ನಮಗೆ ತಾವಾಗಿ ಬರುವುದಿಲ್ಲ, ಒಂದೊಂದನ್ನೂ ಕೇಳಿ ಪಡೆಯಬೇಕು. ಹೀಗೆ ಕೇಳಿ ಪಡೆಯುವ ವಿದ್ಯೆಯ ಬಗ್ಗೆ ಈ ಹೊತ್ತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ದೃಷ್ಟಿ ಇಲ್ಲದವರಿಗೆ ಕಂಪ್ಯೂಟರ್ ಹೇಳಿಕೊಡುವುದು ನನ್ನ ಉದ್ಯೋಗ. ನನಗೂ ದೃಷ್ಟಿ ಇಲ್ಲ. ಕಲಿಯಲು ಬರುವವರು ಟೈಪಿಂಗನ್ನು ಬೇಗ ಹಿಡಿಯುತ್ತಾರೆ. ಪತ್ರ ಬರೆಯುತ್ತಾರೆ, ಇಮೇಲ್ ಕಳಿಸುತ್ತಾರೆ. ಬಹುತೇಕ ಎಲ್ಲರೂ ತಡವರಿಸುವುದು ಫೈಲಿನ ಹತ್ತಿರ. "ಸರ್, ಅಂಕಪಟ್ಟಿ ಡೌನ್‌ಲೋಡ್ ಆಯ್ತು ಅಂತ ಹೇಳ್ತು, ಆದರೆ ಎಲ್ಲಿ ಹೋಯ್ತೋ ಗೊತ್ತಾಗ್ತಿಲ್ಲ" ಎನ್ನುತ್ತಾರೆ. ಮನೆಯಲ್ಲಾದರೆ ತಮ್ಮನನ್ನೋ ಅಕ್ಕನ ಮಗಳನ್ನೋ ಕರೆಯುತ್ತಾರೆ. ಅವರು ಬಂದು ಮೌಸ್ ಹಿಡಿದು ಕ್ಷಣದಲ್ಲಿ ಮಾಡಿಕೊಟ್ಟು ಹೋಗುತ್ತಾರೆ. ಸಹಾಯ ಪ್ರೀತಿಯದೇ, ಅದರಲ್ಲಿ ಅನುಮಾನವಿಲ್ಲ. ಆದರೆ ಬ್ಯಾಂಕಿನ ಸ್ಟೇಟ್‌ಮೆಂಟು, ಡಾಕ್ಟರು ಕಳಿಸಿದ ವರದಿ, ತನಗೆಂದೇ ಒಬ್ಬರು ಬರೆದ ಕಾಗದ ಇವೆಲ್ಲವೂ ಇನ್ನೊಬ್ಬರ ಕಣ್ಣ ಮುಂದೆ ಹಾದುಹೋಗುತ್ತವೆ. ಮಾರನೆಯ ದಿನ ಆ ಫೈಲು ಬೇಕಾದಾಗ ಮತ್ತೆ ಅವರನ್ನೇ ಕೂಗಬೇಕು, ಯಾಕೆಂದರೆ ಇಟ್ಟ ಜಾಗ ಗೊತ್ತಿರುವುದು ಅವರಿಗೆ. ಹಾಗಾಗಿ ನಾನು ಪಾಠದಲ್ಲಿ ಫೈಲಿಗೆ ಕೊಡುವಷ್ಟು ಸಮಯವನ್ನು ಬೇರೆ ಯಾವುದಕ್ಕೂ ಕೊಡುವುದಿಲ್ಲ.

ಸ್ಕ್ರೀನ್ ರೀಡರ್ ಎಂದರೆ ಪರದೆಯ ಮೇಲಿರುವುದನ್ನು ಮಾತಿನಲ್ಲಿ ಹೇಳುವ ತಂತ್ರಾಂಶ. ಇದಕ್ಕೆ ಒಂದಿಷ್ಟು ಇತಿಹಾಸವಿದೆ. 1986ರಲ್ಲಿ ಅಮೆರಿಕದ ಐಬಿಎಂ ಕಂಪನಿಯಲ್ಲಿ ಜಿಮ್ ಥ್ಯಾಚರ್ ಎಂಬ ಸಂಶೋಧಕರು ಡಾಸ್ ಕಂಪ್ಯೂಟರುಗಳಿಗಾಗಿ ಮೊದಲ ಸ್ಕ್ರೀನ್ ರೀಡರುಗಳಲ್ಲಿ ಒಂದನ್ನು ಕಟ್ಟಿದರು. ಡಾಸ್ ಕಾಲದ ಪರದೆಯಲ್ಲಿ ಇರುತ್ತಿದ್ದುದು ಅಕ್ಷರ, ಬರೀ ಅಕ್ಷರ. ಫೈಲನ್ನು ನಕಲು ಮಾಡಲು ಆಜ್ಞೆ, ಫೈಲಿನ ಹೆಸರು, ಹೋಗಬೇಕಾದ ಜಾಗ ಇಷ್ಟನ್ನೂ ಒಂದು ಸಾಲಿನಲ್ಲಿ ಟೈಪ್ ಮಾಡಿ ಎಂಟರ್ ಒತ್ತಬೇಕಿತ್ತು. ಎಂಎಸ್-ಡಾಸ್‌ನ ಆರನೆಯ ಆವೃತ್ತಿ 1993ರಲ್ಲಿ ಬರುವ ತನಕ ಸಾಗಿಸಲೆಂದೇ ಒಂದು ಆಜ್ಞೆಯೂ ಇರಲಿಲ್ಲ. ನಕಲು ಮಾಡಿ, ಆಮೇಲೆ ಹಳೆಯದನ್ನು ಅಳಿಸಬೇಕಿತ್ತು. ತೊಡಕಿನದೇ, ಆದರೆ ಕಣ್ಣಿದ್ದವರೂ ಇಲ್ಲದವರೂ ಅದೇ ಸಾಲನ್ನು ಅದೇ ರೀತಿಯಲ್ಲಿ ಟೈಪ್ ಮಾಡುತ್ತಿದ್ದರು.

ಚಿತ್ರಗಳೂ ಮೌಸೂ ಇರುವ ವಿಂಡೋಸ್ ಬಂದ ಮೇಲೆ ಆ ಸಮಾನತೆ ಹೋಯಿತು. ಫೈಲು ಪರದೆಯ ಮೇಲಿನ ಒಂದು ಪುಟ್ಟ ಚಿತ್ರವಾಯಿತು, ಸಾಗಿಸುವುದು ಎಳೆಯುವುದಾಯಿತು. ಡಾಸ್ ಕಲಿತು ಕೆಲಸದಲ್ಲಿದ್ದ ಅಂಧರಿಗೆ ಆ ಕೆಲಸವೇ ಕೈಬಿಟ್ಟುಹೋಗುವ ಭಯ ಹುಟ್ಟಿದ ಕಾಲ ಅದು. ಟೆಡ್ ಹೆಂಟರ್ ಎಂಬ ಅಮೆರಿಕನ್ನರು ಮೋಟಾರ್‌ಸೈಕಲ್ ಪಂದ್ಯಗಳ ಸವಾರರಾಗಿದ್ದು, 1978ರಲ್ಲಿ ಅಪಘಾತವೊಂದರಲ್ಲಿ ದೃಷ್ಟಿ ಕಳೆದುಕೊಂಡವರು. ಅವರ ಸಂಸ್ಥೆ ಡಾಸ್‌ಗಾಗಿ ಮಾಡಿದ್ದ ಜಾಸ್ ಎಂಬ ಸ್ಕ್ರೀನ್ ರೀಡರನ್ನು 1995ರಲ್ಲಿ ವಿಂಡೋಸ್‌ಗೂ ತಂದಿತು. ಜಾಸ್ ಇವತ್ತಿಗೂ ಬಲಶಾಲಿಯಾದ ತಂತ್ರಾಂಶ. ಬೆಲೆಯೂ ಅಷ್ಟೇ ಭಾರ. 2006ರಲ್ಲಿ ಆಸ್ಟ್ರೇಲಿಯಾದ ಮೈಕೆಲ್ ಕರನ್ ಎನ್‌ವಿಡಿಎ ಎಂಬುದನ್ನು ಬರೆಯತೊಡಗಿದರು. ಅವರ ಗೆಳೆಯ ಜೇಮ್ಸ್ ಟೆಹ್ ಜೊತೆಗೂಡಿದರು. ಇಬ್ಬರಿಗೂ ದೃಷ್ಟಿ ಇಲ್ಲ. ಕಂಪ್ಯೂಟರ್ ಬಳಸಲು ಕಣ್ಣಿದ್ದವರಿಗಿಂತ ಹೆಚ್ಚು ಹಣವನ್ನು ಕುರುಡರು ಯಾಕೆ ಕೊಡಬೇಕು ಎಂಬ ನ್ಯಾಯವಾದ ಪ್ರಶ್ನೆ ಅವರದು. ಎನ್‌ವಿಡಿಎ ಉಚಿತ, ಅದರ ಒಳಗಿನ ಬರಹವೂ ಎಲ್ಲರಿಗೂ ಮುಕ್ತ. ಅದರೊಂದಿಗೆ ಬರುವ ಇ-ಸ್ಪೀಕ್ ಎಂಬ ಧ್ವನಿ ಕನ್ನಡವನ್ನೂ ಓದುತ್ತದೆ. ಸ್ವರ ಯಂತ್ರದ್ದೇ, ಇಂಪಿಲ್ಲ. ಆದರೆ ಎಷ್ಟು ವೇಗಕ್ಕೆ ಏರಿಸಿದರೂ ಅಕ್ಷರ ಕೆಡುವುದಿಲ್ಲ, ಅನುಭವಿಗಳು ಅದನ್ನೇ ಮೆಚ್ಚುತ್ತಾರೆ. ನನ್ನ ಉದಾಹರಣೆಗಳೆಲ್ಲ ವಿಂಡೋಸ್ ಮತ್ತು ಎನ್‌ವಿಡಿಎಯವು, ಯಾಕೆಂದರೆ ನಮ್ಮ ಕಡೆಯ ಹೆಚ್ಚಿನ ವಿದ್ಯಾರ್ಥಿಗಳ ಕೈಯಲ್ಲಿರುವುದು ಅವೇ.

ಈಗ ಒಂದು ಫೈಲನ್ನು ಸಾಗಿಸಿಯೇ ನೋಡೋಣ. ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಅಂಕಪಟ್ಟಿ ಬಂದು ಕೂತಿದೆ. ಅದು ಡಾಕ್ಯುಮೆಂಟ್ಸ್ ಒಳಗಿನ 'ಕೆಲಸದ ಅರ್ಜಿ' ಎಂಬ ಫೋಲ್ಡರಿಗೆ ಹೋಗಬೇಕು. ವಿಂಡೋಸ್ ಕೀ ಹಿಡಿದು ಇ ಒತ್ತಿದರೆ ಫೈಲ್ ಎಕ್ಸ್‌ಪ್ಲೋರರ್ ತೆರೆಯುತ್ತದೆ. ಆಲ್ಟ್ ಜೊತೆ ಡಿ ಒತ್ತಿದರೆ ವಿಳಾಸದ ಪಟ್ಟಿ. ಅಲ್ಲಿ ಡೌನ್‌ಲೋಡ್ಸ್ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ ಎಂಟರ್ ಒತ್ತಿ, ಟ್ಯಾಬ್ ಒತ್ತುತ್ತಾ ಹೋದರೆ ಫೈಲುಗಳ ಪಟ್ಟಿ ಸಿಗುತ್ತದೆ. ಈಗಿನ ವಿಂಡೋಸ್‌ನಲ್ಲಿ ಡೌನ್‌ಲೋಡ್ಸ್ ಫೋಲ್ಡರು ಇವತ್ತಿನದು, ಹಿಂದಿನ ವಾರದ್ದು ಎಂದು ಗುಂಪುಗುಂಪಾಗಿ ಇರುತ್ತದೆ, ಹೊಸದು ಮೇಲೆ. ಹಾಗಾಗಿ ಈಗಷ್ಟೇ ಇಳಿಸಿಕೊಂಡ ಫೈಲು ಸಾಮಾನ್ಯವಾಗಿ ಮೊದಲನೆಯದೇ.

ಹೊಸಬರು ಸಿಕ್ಕಿಬೀಳುವ ಮೊದಲ ಜಾಗ ಇಲ್ಲೇ ಇದೆ. ಟ್ಯಾಬ್ ಒತ್ತಿ ಪಟ್ಟಿಗೆ ಬಂದಾಗ ರೀಡರು ಮೊದಲ ಫೈಲಿನ ಹೆಸರು ಹೇಳುತ್ತದೆ, ಅದರ ಬೆನ್ನಿಗೇ 'ನಾಟ್ ಸೆಲೆಕ್ಟೆಡ್' ಎನ್ನುತ್ತದೆ. ಹೆಸರು ಕೇಳಿದ ಖುಷಿಯಲ್ಲಿ ಆ ಎರಡು ಪದಗಳನ್ನು ಕಿವಿಗೆ ಹಾಕಿಕೊಳ್ಳದೆ ಕಟ್ ಒತ್ತಿಬಿಡುತ್ತಾರೆ. ಫೈಲಿನ ಹತ್ತಿರ ಬಂದದ್ದು ನಿಜ, ಆದರೆ ಅದನ್ನಿನ್ನೂ ಆರಿಸಿಕೊಂಡಿಲ್ಲ. ಆರಿಸದೆ ಕಟ್ ಒತ್ತಿದರೆ ಏನೂ ಆಗುವುದಿಲ್ಲ, ಆಗಲಿಲ್ಲವೆಂದು ಯಾರೂ ಹೇಳುವುದೂ ಇಲ್ಲ. ಸ್ಪೇಸ್ ಬಾರ್ ಒತ್ತಿದರೆ ಅಥವಾ ಬಾಣದ ಕೀಯಿಂದ ಒಂದು ಸಲ ಕೆಳಗೆ ಹೋಗಿ ಮೇಲೆ ಬಂದರೆ ಫೈಲು ಆರಿಸಿಕೊಂಡಂತೆ. ಅನುಮಾನ ಬಂದರೆ ಎನ್‌ವಿಡಿಎ ಕೀ ಹಿಡಿದು ಟ್ಯಾಬ್ ಒತ್ತಿ. ಎನ್‌ವಿಡಿಎ ಕೀ ಎಂದರೆ ಇನ್ಸರ್ಟ್, ಬೇಕೆಂದರೆ ಕ್ಯಾಪ್ಸ್ ಲಾಕನ್ನೂ ಅದಕ್ಕೆ ಒಪ್ಪಿಸಬಹುದು. ನೀವು ಯಾವುದರ ಮೇಲಿದ್ದೀರಿ, ಅದು ಯಾವ ಸ್ಥಿತಿಯಲ್ಲಿದೆ ಎಂಬುದನ್ನು ರೀಡರು ಮತ್ತೆ ಹೇಳುತ್ತದೆ.

ಆರಿಸಿಕೊಂಡ ಮೇಲೆ ಕಂಟ್ರೋಲ್ ಎಕ್ಸ್. ಈ ಕಟ್, ಕಾಪಿ, ಪೇಸ್ಟ್ ಪದ್ಧತಿಯನ್ನು 1970ರ ದಶಕದಲ್ಲಿ ಜೆರಾಕ್ಸ್ ಕಂಪನಿಯ ಪಾಲೋ ಆಲ್ಟೋ ಪ್ರಯೋಗಾಲಯದಲ್ಲಿ ರೂಪಿಸಿದವರು ಲ್ಯಾರಿ ಟೆಸ್ಲರ್ ಮತ್ತು ಟಿಮ್ ಮಾಟ್. ಅವರು ಯೋಚಿಸಿದ್ದು ಕಾಗದ, ಕತ್ತರಿ, ಅಂಟು ಹಿಡಿದು ಪುಟ ಜೋಡಿಸುತ್ತಿದ್ದ ಸಂಪಾದಕರನ್ನು. ನಮಗಾದರೋ ಅದು ಎಳೆದು ಬಿಡುವ ಮೌಸಿಗೆ ಪೂರ್ತಿ ಬದಲಿಯಾಯಿತು. ಕಟ್ ಒತ್ತಿದಾಗ ಕಣ್ಣಿದ್ದವರಿಗೆ ಫೈಲಿನ ಚಿತ್ರ ಸ್ವಲ್ಪ ಮಸುಕಾಗಿ ಕಾಣುತ್ತದೆ. ನಮಗೆ? ಕೆಲವು ರೀಡರುಗಳು ಒಂದು ಮಾತು ಹೇಳುತ್ತವೆ, ಇನ್ನು ಕೆಲವಕ್ಕೆ ಹೇಳುವಂತೆ ಸಿದ್ಧಪಡಿಸಬೇಕು. ಮೌನವಾಗಿದ್ದರೆ ಹೊಸಬರಿಗೆ ದಿಗಿಲಾಗುತ್ತದೆ, ಫೈಲು ಮಾಯವಾಯಿತೇ ಎಂದು. ಇಲ್ಲ, ಮಾಯವಾಗಿಲ್ಲ. ಪತ್ರದೊಳಗೆ ಒಂದು ವಾಕ್ಯವನ್ನು ಕಟ್ ಮಾಡಿದರೆ ಅದು ಕೂಡಲೇ ಪುಟದಿಂದ ಹೋಗುತ್ತದೆ. ಫೈಲಿನ ವಿಷಯ ಬೇರೆ. ಪೇಸ್ಟ್ ಮಾಡುವ ತನಕ ಅದು ಇದ್ದಲ್ಲೇ ಇರುತ್ತದೆ. ಕಟ್ ಮಾಡಿ ಮರೆತರೂ, ನಡುವೆ ಕರೆಂಟು ಹೋದರೂ, ಮತ್ತೊಂದು ಫೈಲನ್ನು ಕಟ್ ಮಾಡಿದರೂ ಮೊದಲನೆಯದಕ್ಕೆ ಏನೂ ಆಗದು. ಈ ಒಂದು ಸಂಗತಿಯನ್ನು ಮೊದಲ ಪಾಠದಲ್ಲೇ ಹೇಳಿದರೆ ಅರ್ಧ ಭಯ ಹೋಗುತ್ತದೆ ಎಂಬುದು ನಾನು ಕಂಡುಕೊಂಡ ಸತ್ಯ.

ಇನ್ನು 'ಕೆಲಸದ ಅರ್ಜಿ' ಫೋಲ್ಡರಿಗೆ ಹೋಗಬೇಕು. ಹೋದ ಮೇಲೆ, ಪೇಸ್ಟ್ ಒತ್ತುವ ಮೊದಲು, ನಿಲ್ಲಿ. ನಾನೀಗ ಎಲ್ಲಿದ್ದೇನೆ ಎಂದು ಕೇಳಿ. ಎನ್‌ವಿಡಿಎ ಕೀ ಜೊತೆ ಟಿ ಒತ್ತಿದರೆ ಕಿಟಕಿಯ ಶೀರ್ಷಿಕೆ, ಅಂದರೆ ಫೋಲ್ಡರಿನ ಹೆಸರು ಕೇಳಿಸುತ್ತದೆ. 'ನ್ಯೂ ಫೋಲ್ಡರ್' ಎಂಬ ಹೆಸರಿನವು ಕಂಪ್ಯೂಟರಿನಲ್ಲಿ ಹತ್ತು ಕಡೆ ಇದ್ದರೆ ಆ ಹೆಸರಿನಿಂದ ಪ್ರಯೋಜನವಿಲ್ಲ. ಆಲ್ಟ್ ಡಿ ಒತ್ತಿ ಪೂರ್ತಿ ವಿಳಾಸವನ್ನೇ ಕೇಳಬೇಕು. ಫೋಲ್ಡರ್ ಆಪ್ಷನ್ಸ್‌ನಲ್ಲಿ ಶೀರ್ಷಿಕೆಯ ಜಾಗದಲ್ಲಿ ಪೂರ್ತಿ ದಾರಿಯನ್ನು ತೋರಿಸು ಎಂಬ ಆಯ್ಕೆಯೊಂದಿದೆ. ಅದನ್ನು ಒಮ್ಮೆ ಗುರುತು ಹಾಕಿ ಇಟ್ಟರೆ ಶೀರ್ಷಿಕೆ ಕೇಳಿದಾಗಲೆಲ್ಲ ದಾರಿಯೂ ಕೇಳಿಸುತ್ತದೆ. ನನ್ನ ವಿದ್ಯಾರ್ಥಿಗಳ ಕಂಪ್ಯೂಟರುಗಳಲ್ಲಿ ಇದನ್ನು ನಾನು ಮೊದಲ ದಿನವೇ ಮಾಡಿಸುತ್ತೇನೆ.

ಕಂಟ್ರೋಲ್ ವಿ. ಮತ್ತೆ ಮೌನ. ಈ ಮೌನಕ್ಕೆ ಕಾರಣವಿದೆ. ಒಂದೇ ಡ್ರೈವಿನೊಳಗೆ ಫೈಲನ್ನು ಸಾಗಿಸಿದಾಗ ಅದರೊಳಗಿನ ಮಾಹಿತಿ ಒಂದಿಷ್ಟೂ ಕದಲುವುದಿಲ್ಲ. ಗ್ರಂಥಾಲಯದಲ್ಲಿ ಪುಸ್ತಕವನ್ನು ಕಪಾಟಿನಿಂದ ತೆಗೆಯದೆ ಸೂಚಿಯ ಚೀಟಿಯನ್ನು ಮಾತ್ರ ಬೇರೆ ಡಬ್ಬಿಗೆ ಹಾಕಿದ ಹಾಗೆ, ಇಂಥ ಫೈಲು ಇಂಥ ಫೋಲ್ಡರಿಗೆ ಸೇರಿದ್ದು ಎಂಬ ದಾಖಲೆ ಬದಲಾಗುತ್ತದೆ, ಅಷ್ಟೇ. ಹಾಗಾಗಿ ಎರಡು ಗಂಟೆಯ ಸಿನಿಮಾ ಆದರೂ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ, ಸಪ್ಪಳ ಮಾಡಲು ಅದಕ್ಕೆ ಸಮಯವೇ ಇರುವುದಿಲ್ಲ. ಏನೂ ಕೇಳಿಸಲಿಲ್ಲವೆಂದು ಮತ್ತೆ ಮತ್ತೆ ಒತ್ತಬೇಡಿ. ಪಟ್ಟಿಯಲ್ಲಿ ಬಾಣದ ಕೀ ಆಡಿಸಿ, ಅಂಕಪಟ್ಟಿಯ ಹೆಸರು ಕೇಳಿಸಿತೇ ನೋಡಿ. ಕೇಳಿಸಿದರೆ ಕೆಲಸ ಆಗಿದೆ. ತಪ್ಪು ಜಾಗಕ್ಕೆ ಹಾಕಿದ್ದು ಗೊತ್ತಾದರೆ ಕಂಟ್ರೋಲ್ ಝಡ್ ಒತ್ತಿದರೆ ಫೈಲು ಹಳೆಯ ಜಾಗಕ್ಕೆ ವಾಪಸು.

ಬೇರೆ ಡ್ರೈವಿಗೆ, ಅದರಲ್ಲೂ ಪೆನ್‌ಡ್ರೈವಿಗೆ ಹಾಕುವಾಗ ಕಥೆ ಪೂರ್ತಿ ಬದಲಾಗುತ್ತದೆ. ಅಲ್ಲಿ ಸಾಗಿಸುವುದು ಎಂದರೆ ಮೊದಲು ನಕಲು, ಆಮೇಲೆ ಮೂಲದ ಅಳಿಕೆ. ಮಾಹಿತಿ ನಿಜವಾಗಿ ಒಂದೆಡೆಯಿಂದ ಇನ್ನೊಂದೆಡೆಗೆ ಹರಿಯಬೇಕು, ಹೊತ್ತು ಹಿಡಿಯುತ್ತದೆ. ಎಷ್ಟು ಮುಗಿಯಿತು ಎಂದು ತೋರಿಸುವ ಪಟ್ಟಿ ಪರದೆಯ ಮೇಲೆ ಬರುತ್ತದೆ. ಎನ್‌ವಿಡಿಎ ಅದನ್ನು ಸಣ್ಣ ಸಣ್ಣ ಬೀಪ್ ದನಿಗಳಾಗಿ ಮಾಡಿ ಕೇಳಿಸುತ್ತದೆ. ಶುರುವಿನಲ್ಲಿ ತಗ್ಗಿನ ಸ್ವರ, ಕೆಲಸ ಮುಂದುವರಿದಂತೆ ಸ್ವರ ಏರುತ್ತಾ ಹೋಗುತ್ತದೆ. ಸಂಗೀತ ಕಲಿತ ಮಕ್ಕಳು ಇದನ್ನು ಬಲುಬೇಗ ಹಿಡಿಯುತ್ತಾರೆ. ಎಲ್ಲಿ ಸ್ವರ ಏರದೆ ನಿಂತಿತು ಎಂಬುದರಿಂದಲೇ ನಕಲು ಎಲ್ಲಿ ಸಿಕ್ಕಿಹಾಕಿಕೊಂಡಿತು ಎಂದು ಹೇಳಬಲ್ಲ ಹುಡುಗಿಯರು ನನ್ನ ತರಗತಿಯಲ್ಲಿದ್ದರು. ಬೀಪ್ ಬೇಡ, ಶೇಕಡ ಎಷ್ಟೆಂದು ಮಾತಿನಲ್ಲೇ ಹೇಳಲಿ ಎನ್ನುವವರು ಎನ್‌ವಿಡಿಎ ಕೀ ಜೊತೆ ಯು ಒತ್ತಿ ಬದಲಾಯಿಸಿಕೊಳ್ಳಬಹುದು.

ಪೆನ್‌ಡ್ರೈವಿನ ಮಟ್ಟಿಗೆ ನನ್ನ ಸಲಹೆ ಒಂದೇ: ಕಟ್ ಮಾಡಬೇಡಿ, ಕಾಪಿ ಮಾಡಿ. ಹೋಗಿ ಮುಟ್ಟಿದೆಯೇ ನೋಡಿ, ಆಲ್ಟ್ ಎಂಟರ್ ಒತ್ತಿ ಗಾತ್ರ ಕೇಳಿ, ಸಾಧ್ಯವಾದರೆ ಫೈಲನ್ನು ತೆರೆದು ಒಂದು ಸಾಲು ಓದಿಸಿ. ಆಮೇಲೆ ಮೂಲವನ್ನು ಅಳಿಸಿ. ಪೆನ್‌ಡ್ರೈವಿನಿಂದ ಅಳಿಸಿದ ಫೈಲು ರೀಸೈಕಲ್ ಬಿನ್‌ಗೆ ಹೋಗುವುದಿಲ್ಲ, ನೇರವಾಗಿ ಹೋಗಿಬಿಡುತ್ತದೆ. ಇದನ್ನು ಮರೆಯಬಾರದು. ಅಲ್ಲಿ ಅದೇ ಹೆಸರಿನ ಫೈಲು ಮೊದಲೇ ಇದ್ದರೆ ಹಳೆಯದರ ಮೇಲೆ ಹಾಕಲೇ, ಬಿಟ್ಟುಬಿಡಲೇ, ಎರಡನ್ನೂ ಹೋಲಿಸಿ ನೋಡುತ್ತೀರಾ ಎಂದು ವಿಂಡೋಸ್ ಕೇಳುತ್ತದೆ. ಈ ಪ್ರಶ್ನೆಯನ್ನು ಪೂರ್ತಿ ಕೇಳದೆ ಎಂಟರ್ ಒತ್ತುವುದು ಅಪಾಯ, ಮೊದಲ ಆಯ್ಕೆ ಹಳೆಯದನ್ನು ಅಳಿಸುವುದೇ ಆಗಿರುತ್ತದೆ. ಎನ್‌ವಿಡಿಎ ಕೀ ಜೊತೆ ಬಿ ಒತ್ತಿದರೆ ಆ ಪ್ರಶ್ನೆಯ ಪೆಟ್ಟಿಗೆಯಲ್ಲಿರುವುದೆಲ್ಲವನ್ನೂ ಓದಿ ಹೇಳುತ್ತದೆ. ಹೇಳಿ ಮುಗಿಸಲು ಬಿಡಿ.

ಹಲವು ಫೈಲುಗಳನ್ನು ಒಟ್ಟಿಗೆ ಸಾಗಿಸುವುದು ನನ್ನ ಪ್ರಕಾರ ಈ ವಿದ್ಯೆಯ ಅತಿ ಕಠಿಣ ಭಾಗ. ಒತ್ತೊತ್ತಾಗಿರುವ ಫೈಲುಗಳಾದರೆ ಶಿಫ್ಟ್ ಹಿಡಿದು ಬಾಣದ ಕೀ ಒತ್ತುತ್ತಾ ಹೋದರೆ ಸಾಕು. ಇಲ್ಲೊಂದು ಅಲ್ಲೊಂದು ಬಿಡಿ ಬಿಡಿಯಾಗಿ ಬೇಕಾದರೆ ಕಂಟ್ರೋಲ್ ಹಿಡಿದುಕೊಂಡೇ ಬಾಣದ ಕೀಯಿಂದ ನಡೆಯಬೇಕು, ಬೇಕಾದದ್ದು ಬಂದಾಗ ಕಂಟ್ರೋಲ್ ಬಿಡದೆ ಸ್ಪೇಸ್ ಒತ್ತಬೇಕು. ಹನ್ನೆರಡು ಫೈಲು ಆರಿಸಿ ಹದಿಮೂರನೆಯದಕ್ಕೆ ಹೋಗುವಾಗ ಕಂಟ್ರೋಲಿನಿಂದ ಬೆರಳು ಜಾರಿತೋ, ಹಿಂದಿನ ಹನ್ನೆರಡೂ ಬಿಟ್ಟುಹೋದವು. ರೀಡರು ಹೊಸ ಫೈಲಿನ ಹೆಸರಷ್ಟೇ ಹೇಳುತ್ತದೆ, ಹಿಂದಿನವು ಹೋದವೆಂದು ಹೇಳುವುದಿಲ್ಲ. ಅದಕ್ಕೇ ಕಟ್ ಒತ್ತುವ ಮೊದಲು ಕಿಟಕಿಯ ಕೆಳಗಿನ ಸ್ಟೇಟಸ್ ಬಾರನ್ನು ಕೇಳುವ ಅಭ್ಯಾಸ ಬೇಕು. ದೊಡ್ಡ ಕೀಬೋರ್ಡಿನಲ್ಲಿ ಎನ್‌ವಿಡಿಎ ಕೀ ಜೊತೆ ಎಂಡ್. ಎಷ್ಟು ಆರಿಸಿದ್ದೀರಿ, ಒಟ್ಟು ಗಾತ್ರ ಎಷ್ಟು ಎಂದು ಅದು ಹೇಳುತ್ತದೆ. ಎಣಿಕೆ ತಾಳೆಯಾದರೆ ಮುಂದಿನ ಹೆಜ್ಜೆ.

ಇದರ ಜೊತೆಗೇ ಒಂದು ಸಣ್ಣ ವಿಷಯ. ಫೋಲ್ಡರಿನ ನೋಟ ದೊಡ್ಡ ಚಿತ್ರಗಳದ್ದಾಗಿದ್ದರೆ ಫೈಲುಗಳು ಅಡ್ಡಸಾಲುಗಳಲ್ಲಿ ಹರಡಿರುತ್ತವೆ. ಕೆಳಬಾಣ ಒತ್ತಿದರೆ ಪಕ್ಕದ ಫೈಲು ಸಿಗದೆ ಕೆಳಸಾಲಿನದು ಸಿಗುತ್ತದೆ, ನಡುವಿನವು ಕೇಳಿಸುವುದೇ ಇಲ್ಲ. ಫೈಲು ಕಳೆದುಹೋಯಿತು ಎಂದು ಬಂದವರ ಕಂಪ್ಯೂಟರಿನಲ್ಲಿ ಎಷ್ಟೋ ಸಲ ಆಗಿರುವುದು ಇಷ್ಟೇ. ಕಂಟ್ರೋಲ್ ಮತ್ತು ಶಿಫ್ಟ್ ಹಿಡಿದು ಕೀಬೋರ್ಡಿನ ಮೇಲಿನ ಸಾಲಿನ 6 ಒತ್ತಿದರೆ ವಿವರಗಳ ನೋಟ ಬರುತ್ತದೆ. ಒಂದರ ಕೆಳಗೊಂದು ಸಾಲು, ಪ್ರತಿ ಸಾಲಿಗೂ ಹೆಸರು, ದಿನಾಂಕ, ಬಗೆ, ಗಾತ್ರ. ಬಗೆ ಕೇಳಿಸುವುದು ಬಹಳ ಮುಖ್ಯ. ವಿಂಡೋಸ್ ಸಾಮಾನ್ಯವಾಗಿ ಫೈಲಿನ ಹೆಸರಿನ ಕೊನೆಯಲ್ಲಿ ಬಗೆ ತಿಳಿಸುವ ಬಾಲವನ್ನು ಮುಚ್ಚಿಡುತ್ತದೆ. ಆಗ ವರ್ಡ್‌ನ 'ಅರ್ಜಿ'ಯೂ ಪಿಡಿಎಫ್‌ನ 'ಅರ್ಜಿ'ಯೂ ಕಿವಿಗೆ ಒಂದೇ. ಕಣ್ಣಿಗಾದರೆ ಚಿತ್ರದ ಬಣ್ಣದಲ್ಲೇ ವ್ಯತ್ಯಾಸ ಗೊತ್ತಾಗುತ್ತದೆ.

ಇನ್ನು ವಿಂಡೋಸ್ ಬಿಟ್ಟು ಬೇರೆಡೆ ನೋಡುವುದಾದರೆ, ಮ್ಯಾಕ್ ಕಂಪ್ಯೂಟರಿನಲ್ಲಿ 2005ರಿಂದ ವಾಯ್ಸ್‌ಓವರ್ ಎಂಬ ರೀಡರು ಒಳಗೇ ಇದೆ. ಅಲ್ಲಿ ಫೈಲಿಗೆ ಕಟ್ ಇಲ್ಲ. ಕಾಪಿ ಮಾಡಿ, ಪೇಸ್ಟ್ ಮಾಡುವಾಗ ಆಪ್ಷನ್ ಕೀಯನ್ನೂ ಸೇರಿಸಿ ಒತ್ತಿದರೆ ಅದು ಸಾಗಣೆಯಾಗುತ್ತದೆ. ಎಲ್ಲಿಗೆ ಹೋಗಬೇಕು ಎಂದು ನಿಶ್ಚಯವಾದ ಮೇಲೆಯೇ ಸಾಗಿಸಬೇಕೋ ನಕಲು ಮಾಡಬೇಕೋ ಎಂದು ತೀರ್ಮಾನಿಸುವ ಈ ಕ್ರಮ ಕೇಳುಗನಿಗೆ ಹೆಚ್ಚು ಒಪ್ಪುತ್ತದೆ ಎಂದು ನನಗನ್ನಿಸುತ್ತದೆ. ಆಂಡ್ರಾಯ್ಡ್ ಫೋನಿನಲ್ಲಿ ಟಾಕ್‌ಬ್ಯಾಕ್ ಇದೆ. ಫೈಲಿನ ಮೇಲೆ ಎರಡು ಸಲ ತಟ್ಟಿ ಬೆರಳನ್ನು ಒತ್ತಿ ಹಿಡಿದರೆ ಅದು ಆರಿಸಿಕೊಳ್ಳುತ್ತದೆ, ಮೆನುವಿನಲ್ಲಿ 'ಮೂವ್ ಟು' ಸಿಗುತ್ತದೆ. ಫೋನನ್ನು ವೈರಿನಿಂದ ಕಂಪ್ಯೂಟರಿಗೆ ಜೋಡಿಸಿದಾಗ ಒಳಗೆ ಏನೂ ಇಲ್ಲವೆಂದು ಕೇಳಿಸಿದರೆ ಗಾಬರಿ ಬೇಡ, ಅದು ಚಾರ್ಜಿಂಗಿಗೆ ಮಾತ್ರ ಒಪ್ಪಿಕೊಂಡಿರುತ್ತದೆ. ಫೋನಿನ ಸೂಚನೆಯಲ್ಲಿ ಫೈಲ್ ಟ್ರಾನ್ಸ್‌ಫರ್ ಎಂದು ಬದಲಾಯಿಸಬೇಕು.

ಈಗ ಹೆಸರಿನ ಮಾತಿಗೆ ಬರುತ್ತೇನೆ. ಇದನ್ನು ನನ್ನಂಥವರಿಗಷ್ಟೇ ಅಲ್ಲ, ನಮಗೆ ಫೈಲು ಕಳಿಸುವ ಎಲ್ಲರಿಗೂ ಹೇಳುತ್ತಿದ್ದೇನೆ. ವಾಟ್ಸಾಪ್‌ನಿಂದ ಇಳಿದ ಚಿತ್ರದ ಹೆಸರು ಐಎಂಜಿ ಎಂದು ಶುರುವಾಗಿ, ಎಂಟು ಅಂಕಿಯ ದಿನಾಂಕ ದಾಟಿ, ಡಬ್ಲ್ಯೂಎ ಸೊನ್ನೆ ಸೊನ್ನೆ ಸೊನ್ನೆ ಏಳು ಎಂದು ಮುಗಿಯುತ್ತದೆ. ಅಂಥ ನೂರು ಫೈಲುಗಳ ನಡುವೆ ಆಧಾರ್ ಕಾರ್ಡ್ ಹುಡುಕುವುದೆಂದರೆ ನೂರು ಸಲ ಆ ಅಂಕಿಗಳ ಸರಮಾಲೆ ಕೇಳಬೇಕು. ಚಿತ್ರದ ಕಿರುನೋಟ ನಮಗೆ ಕಾಣದು, ಸ್ಕ್ಯಾನ್ ಮಾಡಿದ ಕಾಗದ ಬಾಯಿಬಿಡದು. ಅದು ಏನೆಂದು ಹೇಳಲು ಹೆಸರೊಂದೇ ಇರುವುದು. ಎಫ್2 ಒತ್ತಿದರೆ ಹೆಸರು ಬದಲಾಯಿಸಬಹುದು, ಬಾಲವನ್ನು ಬಿಟ್ಟು ಹೆಸರಷ್ಟೇ ಆರಿಸಿಕೊಂಡಿರುತ್ತದೆ, ಹೊಸದನ್ನು ನೇರವಾಗಿ ಟೈಪ್ ಮಾಡಿದರಾಯಿತು. ಬೇರ್ಪಡಿಸಿ ತೋರಿಸುವ ಪದ ಮೊದಲು ಬರಲಿ. 'ಜಿಲ್ಲಾ ಕಚೇರಿಯ ಸುತ್ತೋಲೆ, ರಜೆ', 'ಜಿಲ್ಲಾ ಕಚೇರಿಯ ಸುತ್ತೋಲೆ, ವರ್ಗಾವಣೆ' ಎಂದಿಟ್ಟರೆ ಪ್ರತಿ ಸಲವೂ ಕಚೇರಿಯ ಹೆಸರು ಮುಗಿಯುವ ತನಕ ಕಾಯಬೇಕು. 'ರಜೆ ಸುತ್ತೋಲೆ' ಎಂದಿದ್ದರೆ ಮೊದಲ ಉಚ್ಚಾರಕ್ಕೇ ಗೊತ್ತಾಗಿ ಮುಂದಕ್ಕೆ ಹೋಗಬಹುದು. ಅಲ್ಲದೆ, ಪಟ್ಟಿಯಲ್ಲಿ ನಿಂತು ಮೊದಲ ಎರಡು ಅಕ್ಷರ ಒತ್ತಿದರೆ ನೇರವಾಗಿ ಆ ಫೈಲಿಗೇ ಹಾರಬಹುದು. ದಿನಾಂಕ ಬೇಕಾದರೆ ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ ಹಾಕಿ, ಫೈಲುಗಳು ಕಾಲಕ್ರಮದಲ್ಲೇ ನಿಲ್ಲುತ್ತವೆ. ಪಾಠದ ಧ್ವನಿಮುದ್ರಿಕೆಗಳಿಗೆ 1, 2, 10 ಎನ್ನುವ ಬದಲು 01, 02, 10 ಎಂದು ಹಾಕಿ. ಕಂಪ್ಯೂಟರು ಹೇಗೋ ಸರಿಯಾಗಿ ಜೋಡಿಸಿಕೊಂಡರೂ ಎಷ್ಟೋ ಪ್ಲೇಯರುಗಳು ಒಂದಾದ ಮೇಲೆ ಹತ್ತನೆಯ ಪಾಠವನ್ನು ಓದುತ್ತವೆ.

ಕನ್ನಡದ ಫೈಲುಗಳಿಗೆ ಇನ್ನೊಂದು ಕಷ್ಟವಿದೆ, ಇದು ನಮ್ಮ ನಾಡಿನದೇ. ನುಡಿ, ಬರಹ, ಶ್ರೀಲಿಪಿ ಮುಂತಾದ ತಂತ್ರಾಂಶಗಳು ಕಂಪ್ಯೂಟರಿಗೆ ಕನ್ನಡ ತಂದ ಉಪಕಾರ ದೊಡ್ಡದು. ಆದರೆ ಅವುಗಳ ಹಳೆಯ ಫಾಂಟುಗಳಲ್ಲಿ ಕನ್ನಡದ ಆಕಾರಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಲಾಗಿತ್ತು. ಕಣ್ಣಿಗೆ ಅಚ್ಚ ಕನ್ನಡ. ಒಳಗೆ ಬೇರೆಯೇ. ನುಡಿಯ ಹಳೆಯ ಫಾಂಟಿನಲ್ಲಿ 'ಕನ್ನಡ' ಎಂದು ಟೈಪ್ ಮಾಡಿದರೆ ಫೈಲಿನಲ್ಲಿ ಉಳಿಯುವುದು ಇಂಗ್ಲಿಷಿನ ಪಿ, ತಲೆಯ ಮೇಲೆ ಗುರುತಿರುವ ಎ, ಬ್ರಿಟಿಷ್ ಪೌಂಡಿನ ಚಿಹ್ನೆ, ಮತ್ತೆ ಆ ಎ, ಜರ್ಮನ್ ಭಾಷೆಯ ಒಂದು ಅಕ್ಷರ, ಆಮೇಲೆ ಕ್ಯೂ, ಮತ್ತೆ ಅದೇ ಎ. ಸ್ಕ್ರೀನ್ ರೀಡರು ಫಾಂಟಿನ ಆಕಾರ ನೋಡುವುದಿಲ್ಲ, ಒಳಗಿರುವುದನ್ನು ಓದುತ್ತದೆ. ಹಾಗಾಗಿ ಅಂಥ ಸುತ್ತೋಲೆಯನ್ನು ತೆರೆದರೆ ನಮಗೆ ಕೇಳಿಸುವುದು ಅರ್ಥವಿಲ್ಲದ ಸದ್ದು. ಫೈಲನ್ನು ಎಷ್ಟು ಚೆನ್ನಾಗಿ ಸಾಗಿಸಿಟ್ಟರೂ, ಇದು ಯಾವ ಫೋಲ್ಡರಿಗೆ ಸೇರಬೇಕಾದದ್ದು ಎಂದು ತೆರೆದು ನೋಡಿ ತಿಳಿಯುವ ದಾರಿ ಮುಚ್ಚಿಹೋಗುತ್ತದೆ. ಯುನಿಕೋಡ್‌ನಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಸಂಕೇತವಿದೆ. ಯುನಿಕೋಡ್‌ನಲ್ಲಿ ಬರೆದ ಕನ್ನಡವನ್ನು ಇ-ಸ್ಪೀಕ್ ಕನ್ನಡವಾಗಿಯೇ ಓದುತ್ತದೆ, ಫೈಲಿನ ಹೆಸರನ್ನೂ ಕನ್ನಡದಲ್ಲೇ ಇಡಬಹುದು. ಹಳೆಯ ಫೈಲುಗಳನ್ನು ಬದಲಾಯಿಸಿ ಕೊಡುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಕಚೇರಿಗಳಲ್ಲಿ ಕೆಲಸ ಮಾಡುವವರಲ್ಲಿ ನನ್ನ ಕಳಕಳಿಯ ಬೇಡಿಕೆ ಇದು: ಕಾಗದವನ್ನು ಯುನಿಕೋಡ್‌ನಲ್ಲಿ ತಯಾರಿಸಿ. ನಿಮ್ಮ ಪಕ್ಕದ ಮೇಜಿನಲ್ಲಿ ದೃಷ್ಟಿ ಇಲ್ಲದ ಸಹೋದ್ಯೋಗಿ ಇದ್ದಾರೋ ಇಲ್ಲವೋ ನೋಡಬೇಡಿ. ಆ ಕಾಗದ ಮುಂದೆ ಯಾವ ಮೇಜಿಗೆ ಹೋಗುತ್ತದೋ ಯಾರಿಗೆ ಗೊತ್ತು?

ಕಚೇರಿಯ ಮಾತು ಬಂತು. ಎಲ್ಲರೂ ಸೇರಿ ಬಳಸುವ ಫೋಲ್ಡರುಗಳನ್ನು ಯಾರೋ ಒಬ್ಬರು ಅಚ್ಚುಕಟ್ಟು ಮಾಡಲೆಂದು ಕದಲಿಸಿದಾಗ ಕಣ್ಣಿದ್ದವರಿಗೆ ಒಂದು ನೋಟಕ್ಕೆ ತಿಳಿಯುತ್ತದೆ. ನಾವು ದಾರಿಯನ್ನು ನೆನಪಿನಲ್ಲಿ ಇಟ್ಟುಕೊಂಡು ನಡೆಯುವವರು. ಕದಲಿಸಿ, ಬೇಡವೆನ್ನುವುದಿಲ್ಲ, ಒಂದು ಮಾತು ಹೇಳಿ. ಮನೆಯವರಲ್ಲಿ ಮತ್ತು ಮೇಷ್ಟರುಗಳಲ್ಲಿ ಇನ್ನೊಂದು ಕೋರಿಕೆ. ಕಲಿಯುವವರು ತಡವರಿಸುತ್ತಿರುವಾಗ ಮೌಸಿಗೆ ಕೈ ಹಾಕಬೇಡಿ. ನೀವು ಮೌಸಿನಿಂದ ಮಾಡಿದ್ದರಲ್ಲಿ ಅವರಿಗೆ ಕಲಿಯಲು ಏನೂ ಸಿಗುವುದಿಲ್ಲ, ರೀಡರು ನೋಡುತ್ತಿದ್ದ ಜಾಗವೂ ಬದಲಾಗಿ ಅವರು ಇನ್ನಷ್ಟು ದಾರಿ ತಪ್ಪುತ್ತಾರೆ. "ಈಗ ಏನು ಕೇಳಿಸ್ತು?" ಎಂದು ಕೇಳಿ. ಅವರು ಹೇಳಿದ್ದರಿಂದ ಮುಂದಿನ ಕೀ ಯಾವುದೆಂದು ಇಬ್ಬರೂ ಸೇರಿ ಯೋಚಿಸಬಹುದು. ಅಭ್ಯಾಸಕ್ಕೆ ನಾನು ಮಾಡಿಸುವುದು ಹೀಗೆ: ಹಣ್ಣು, ಹೂವು, ಊರು ಎಂಬ ಮೂರು ಫೋಲ್ಡರು, ಹೊರಗೆ ಮಾವು, ಮಲ್ಲಿಗೆ, ಮಂಡ್ಯ ಎಂಬಂಥ ಹೆಸರಿನ ಖಾಲಿ ಫೈಲುಗಳು. ಆಯಾ ಫೈಲನ್ನು ಆಯಾ ಫೋಲ್ಡರಿಗೆ ಸೇರಿಸಬೇಕು. ಕಳೆದುಹೋದರೂ ನಷ್ಟವಿಲ್ಲದ ಫೈಲುಗಳ ಮೇಲೆ ಕೈ ಪಳಗಿದ ಮೇಲೆ ಅಂಕಪಟ್ಟಿಗೆ ಕೈ ಹಾಕಲಿ.

ಕೊನೆಗೆ ಒಂದು ಸೌಲಭ್ಯದ ವಿಷಯ. ಎನ್‌ವಿಡಿಎಯ ಮೆನುವಿನಲ್ಲಿ ಟೂಲ್ಸ್ ಒಳಗೆ ಪೋರ್ಟಬಲ್ ಕಾಪಿ ಮಾಡಿಕೊಳ್ಳುವ ಆಯ್ಕೆ ಇದೆ. ಅದನ್ನು ಪೆನ್‌ಡ್ರೈವಿನಲ್ಲಿ ಇಟ್ಟುಕೊಂಡರೆ ಸೈಬರ್ ಸೆಂಟರಾಗಲಿ, ಕಾಲೇಜಿನ ಲ್ಯಾಬಾಗಲಿ, ಇನ್‌ಸ್ಟಾಲ್ ಮಾಡದೆಯೇ ಅಲ್ಲಿನ ವಿಂಡೋಸ್ ಕಂಪ್ಯೂಟರಿನಲ್ಲಿ ಓಡಿಸಬಹುದು. ನಿಮ್ಮ ಧ್ವನಿ, ನಿಮ್ಮ ವೇಗ, ನಿಮ್ಮ ಹೊಂದಿಕೆ ಎಲ್ಲವೂ ಪೆನ್‌ಡ್ರೈವಿನಲ್ಲೇ ಬರುತ್ತವೆ. ಒಂದು ಮಿತಿ ಗೊತ್ತಿರಲಿ. ಪ್ರೋಗ್ರಾಮ್ ಫೈಲ್ಸ್‌ನಂಥ ಕಾವಲಿರುವ ಫೋಲ್ಡರಿಗೆ ಏನನ್ನಾದರೂ ಸಾಗಿಸಹೊರಟರೆ ವಿಂಡೋಸ್ ಅಡ್ಮಿನಿಸ್ಟ್ರೇಟರ್ ಅನುಮತಿ ಕೇಳುತ್ತದೆ, ಅದಕ್ಕಾಗಿ ಬರುವ ಸುರಕ್ಷಿತ ಪರದೆಯನ್ನು ಪೋರ್ಟಬಲ್ ಎನ್‌ವಿಡಿಎ ಓದಲಾರದು. ಇದ್ದಕ್ಕಿದ್ದಂತೆ ಮಾತು ನಿಂತು ಯಾವ ಕೀಗೂ ಉತ್ತರ ಬಾರದಿದ್ದರೆ ಹೀಗಾಗಿರುವ ಸಾಧ್ಯತೆ ಹೆಚ್ಚು. ಎಸ್ಕೇಪ್ ಒತ್ತಿ ಹಿಂದೆ ಬನ್ನಿ, ಫೈಲನ್ನು ಡಾಕ್ಯುಮೆಂಟ್ಸ್ ಒಳಗೆ ಎಲ್ಲಾದರೂ ಇಡಿ. ಅಲ್ಲಿ ಯಾರ ಅಪ್ಪಣೆಯೂ ಬೇಕಾಗುವುದಿಲ್ಲ.